ವೆನೆಜುವೆಲಾ ಚುನಾವಣೆ: ಈ 51.2 ಎಲ್ಲಿಂದ ಬಂತು?

ಮಲ್ನಾಡ್ ಹುಡ್ಗ: ವಿರೋಧ ಪಕ್ಷಗಳ ಅಭ್ಯರ್ಥಿ ಎಡ್ಮುಂಡೊ ಗೊನ್ಸಾಲೆಸ್ 2024ರ ಸೆಪ್ಟೆಂಬರ್ 8ಕ್ಕೆ ಸ್ಪೇನಿಗೆ ಹೋಗಿ ಇಳಿದರು. ಆ ವರ್ಷ ಜುಲೈ 28ರ ಅಧ್ಯಕ್ಷ ಚುನಾವಣೆ ಗೆದ್ದ ಮನುಷ್ಯನ ಮೇಲೇ ವಾರಂಟ್. ಸೋತ ಅಧ್ಯಕ್ಷ ಮಡುರೊ ಕುರ್ಚಿಯಲ್ಲೇ ಉಳಿದರು. ಇದಕ್ಕೂ ಚುನಾವಣೆ ಅನ್ನೋದಾ?

ಕೆಂಪು ಟೋಪಿ: "ಗೆದ್ದ ಮನುಷ್ಯ" ಅಂತ ತೀರ್ಮಾನಿಸಿದ್ದು ಯಾರು ಸ್ವಾಮಿ? ಅಲ್ಲಿನ ಚುನಾವಣಾ ಆಯೋಗ ಮಡುರೊಗೆ ಶೇ 51.2 ಮತ ಅಂದಿತು. ಆಗಸ್ಟ್ 22ಕ್ಕೆ ಅಲ್ಲಿನ ಸುಪ್ರೀಂ ಕೋರ್ಟೂ ಒಪ್ಪಿತು. ಅಮೆರಿಕದ ನಿರ್ಬಂಧದ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ.

ಲೆಕ್ಕದ ಮೇಷ್ಟ್ರು: ಆ 51.2 ಅನ್ನೇ ನೋಡೋಣ. ಆಯೋಗ ಮೊದಲು ಕೊಟ್ಟ ಅಂಕಿ: ಮಡುರೊ 51,50,092. ಗೊನ್ಸಾಲೆಸ್ 44,45,978. ಉಳಿದವರೆಲ್ಲ ಸೇರಿ 4,62,704. ಕ್ಯಾಲ್ಕುಲೇಟರ್ ತಗೊಂಡು ಭಾಗಿಸಿ. 51.199997, 44.199999, 4.600004. ಅಂದರೆ ನೇರ 51.2, 44.2, 4.6. ಕೋಟಿ ಮತದಲ್ಲಿ ಮೂರೂ ಇಷ್ಟು ನೀಟಾಗಿ ಬರುತ್ತಾ? ಮೊದಲು ಶೇಕಡಾ ಬರೆದು, ಆಮೇಲೆ ಮತ ಹುಟ್ಟಿಸಿದ್ದಾರೆ.

ಕೆಂಪು ಟೋಪಿ: "ಹುಟ್ಟಿಸಿದ್ದಾರೆ"! ಯಾರೋ ಗುಮಾಸ್ತ ಶೇಕಡಾವನ್ನು ಒಟ್ಟಿಗೆ ಗುಣಿಸಿ ಓದಲು ಕೊಟ್ಟಿರಬಹುದು. ಅದಕ್ಕೇ ಮೋಸ ಅಂದುಬಿಡೋದಾ?

ಲೆಕ್ಕದ ಮೇಷ್ಟ್ರು: ಸರಿ, ಗುಮಾಸ್ತನೇ ಇರಲಿ. ಹಾಗಾದರೆ ಎಣಿಸಿದ ಅಂಕಿ ಎಲ್ಲಿ?

ಸುಮಾ ಹಾಸನ: ಅಲ್ಲಿ ಮತಯಂತ್ರವೇ ಬೂತಿನಲ್ಲಿ ಯಾರಿಗೆ ಎಷ್ಟು ಮತ ಅಂತ ಉದ್ದದ ಚೀಟಿ ಪ್ರಿಂಟ್ ಮಾಡುತ್ತೆ, ಏಜೆಂಟರೂ ಸಹಿ ಹಾಕ್ತಾರೆ. ವಿರೋಧಿಗಳು 80%ಕ್ಕೂ ಜಾಸ್ತಿ ಚೀಟಿ ಒಟ್ಟುಮಾಡಿ ನೆಟ್ಟಿಗೆ ಹಾಕಿದರು. ಗೊನ್ಸಾಲೆಸ್‌ಗೆ ಸುಮಾರು 67%.

ಕೆಂಪು ಟೋಪಿ: "ನೆಟ್ಟಿಗೆ ಹಾಕಿದರು" ಅಷ್ಟೇ ಸಾಕಾ? ನಾಳೆ ನಾನೂ ಹಾಕ್ತೀನಿ.

ಬೂತ್ ಏಜೆಂಟ್: ನಾನು ಎರಡು ಸಲ ಏಜೆಂಟಾಗಿ ಕೂತವನು. ನಮ್ಮಲ್ಲೂ 17ಸಿ ಫಾರಂ ಕೈಗೆ ಕೊಡ್ತಾರೆ. ಸೀಲ್ ಹಾಕೋ ಮೇಣದ ವಾಸನೆ ಇನ್ನೂ ಮೂಗಲ್ಲಿದೆ.

ಕೆಂಪು ಟೋಪಿ: 17ಸಿಯಲ್ಲಿ ಯಾರಿಗೆ ಎಷ್ಟು ಅಂತ ಇರುತ್ತಾ?

ಬೂತ್ ಏಜೆಂಟ್: ಬೂತಲ್ಲಿ ಕೊಡೋ ಪ್ರತಿಯಲ್ಲಿ ಇರಲ್ಲ, ಒಟ್ಟು ಮತ ಅಷ್ಟೇ. ಅವರದರಲ್ಲಿ ಇರುತ್ತೆ. ಅದನ್ನೇ ಹೇಳ್ತಿರೋದು, ಅವರ ಚೀಟಿ ನಮ್ಮದಕ್ಕಿಂತ ಗಟ್ಟಿ.

ಕೆಂಪು ಟೋಪಿ: ನಮ್ಮ ವ್ಯವಸ್ಥೆಗಿಂತ ವೆನೆಜುವೆಲಾದ್ದೇ ಗಟ್ಟಿ ಅಂತ ನೀವೇ ಒಪ್ಪಿಕೊಂಡಿರಿ. ಥ್ಯಾಂಕ್ಸ್.

ಬೂತ್ ಏಜೆಂಟ್: ಅಯ್ಯೋ ದೇವರೇ.

ಸುಮಾ ಹಾಸನ: ಆಯೋಗ ತನ್ನ ಚೀಟಿಗಳನ್ನು ತೋರಿಸಿದ್ದರೆ ಒಂದು ಗಂಟೆಯಲ್ಲಿ ಜಗಳ ಮುಗೀತಿತ್ತು. ಚುನಾವಣೆ ವೀಕ್ಷಿಸೋಕೆ ಅವರೇ ಕರೆಸಿದ ಅಮೆರಿಕದ ಸಂಸ್ಥೆ ಕಾರ್ಟರ್ ಸೆಂಟರ್ ಕೂಡ ಒಪ್ಪಲಿಲ್ಲ.

ಕೆಂಪು ಟೋಪಿ: "ಕಾರ್ಟರ್" ಅಂದರೆ ಯಾವ ದೇಶ? ಮತ್ತೆ ಅಲ್ಲಿಗೇ ಬಂದಿರಿ. ಸಿಸ್ಟಮ್ ಹ್ಯಾಕ್ ಆಗಿತ್ತು ಅಂತ ಆಯೋಗ ಹೇಳಿದೆ.

ಮಲ್ನಾಡ್ ಹುಡ್ಗ: ಹೌದು, ಉತ್ತರ ಮ್ಯಾಸಿಡೋನಿಯಾದಿಂದಂತೆ! 🤣 ಫಲಿತಾಂಶದ ವಿರುದ್ಧ ಬೀದಿಗಿಳಿದ 2000 ಜನರನ್ನು ಹಿಡಿದಿದ್ದೇವೆ ಅಂತ ಮಡುರೊ ತಾನೇ ಜಂಬ ಕೊಚ್ಚಿದನಲ್ಲ, ಅವರೂ ಮ್ಯಾಸಿಡೋನಿಯಾದವರಾ? ನಾಚಿಕೆ ಆಗಲ್ವಾ ನಿಮಗೆ?

ಕೆಂಪು ಟೋಪಿ: ಏಕವಚನ ಬೇಡ. ನಿರ್ಬಂಧದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಲೆಕ್ಕದ ಮೇಷ್ಟ್ರು: ಭಾಗಿಸಿದ್ರಾ?