ಸ್ಲೈಡ್‌ನಲ್ಲಿ ಅಡಿಕೆ ಸಂಸ್ಕರಣೆಯ ನಕ್ಷೆ: ಬಾಣ ನಿಲ್ಲುತ್ತಿಲ್ಲ, ಅಕ್ಷರ ಕೆಡುತ್ತಿದೆ

ಹುಲೇಕಲ್ ದಾರಿ:
ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಬೆಳೆಗಾರರ ಸಭೆಯೊಂದಕ್ಕೆ ಪವರ್‌ಪಾಯಿಂಟ್ ಸ್ಲೈಡ್ ಆಗಬೇಕಿದೆ. ಕೊನೆ (ಅಡಿಕೆ ಗೊನೆ) ಕೊಯ್ಲಿನಿಂದ ಶುರುವಾಗಿ ಕೆಂಪಡಿಕೆ (ಹಸಿ ಕಾಯಿ ಸುಲಿದು ಬೇಯಿಸಿ ಒಣಗಿಸಿದ್ದು), ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ಎರಡೂ ದಾರಿ ಒಂದೇ ನಕ್ಷೆಯಲ್ಲಿ ಕಾಣಬೇಕು. ಆಮೇಲೆ ವಿಂಗಡಣೆ, ಅದರ ಕೆಳಗೆ ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಚಾಲಿ, ಬಿಳಿಗೋಟು, ಕೆಂಪುಗೋಟು ಎಂದು ಆರು ದರ್ಜೆಗಳ ಹೆಸರು. ಒಟ್ಟು 17 ಚೌಕ. ಮೂಲೆಯಲ್ಲಿ ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ) ಸಿಕ್ಕ ಸಾಲೂ ಇದೆ.

ಪವರ್‌ಪಾಯಿಂಟಿನ ಸಿದ್ಧ ನಕ್ಷೆಗಳಾದ ಸ್ಮಾರ್ಟ್‌ಆರ್ಟ್‌ನಲ್ಲಿ ಮಾಡಿದರೆ ಕವಲು ನನಗೆ ಬೇಕಾದ ಹಾಗೆ ಬರುವುದಿಲ್ಲ. ಕೈಯಿಂದ ಚೌಕ, ಬಾಣ ಎಳೆದೆ. ಚೌಕ ಸರಿಸಿದರೆ ಬಾಣ ಅಲ್ಲೇ ಉಳಿಯುತ್ತದೆ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಧ ಚೌಕಗಳಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಲಸಿ ಬರುತ್ತಿವೆ. ಎಲ್ಲಿಂದ ಸರಿಮಾಡಲಿ?

ಸದಾಶಿವಗಡ:
ಮೊದಲು ಬಾಣದ ವಿಷಯ. ನೀವು ಎಳೆದದ್ದು ಬಾಣವೇ ಸರಿ, ಆದರೆ ಅದು ಚೌಕಕ್ಕೆ ಅಂಟಿಲ್ಲ. ಇನ್ಸರ್ಟ್, ಶೇಪ್ಸ್, ಲೈನ್ಸ್ ಗುಂಪಿನಲ್ಲಿ ಮೊಣಕೈಯಂತೆ ಬಾಗುವ ‘ಎಲ್ಬೋ ಆ್ಯರೋ’ ಆರಿಸಿ. ಮೌಸನ್ನು ಮೊದಲ ಚೌಕದ ಅಂಚಿನ ಹತ್ತಿರ ಒಯ್ದರೆ ನಾಲ್ಕು ಬದಿಯ ಮಧ್ಯದಲ್ಲಿ ನಾಲ್ಕು ಚುಕ್ಕೆ ಮೂಡುತ್ತವೆ. ಕೆಳಗಿನ ಚುಕ್ಕೆಯ ಮೇಲೆ ಒತ್ತಿ ಹಿಡಿದು, ಮುಂದಿನ ಚೌಕದ ಮೇಲ್ಬದಿಯ ಚುಕ್ಕೆಗೆ ತಂದು ಬಿಡಿ. ಈಗ ಬಾಣವನ್ನು ಆರಿಸಿ ನೋಡಿದರೆ ಎರಡೂ ತುದಿಯಲ್ಲಿ ಹಸಿರು ಚುಕ್ಕೆ ಇರಬೇಕು. ಬಿಳಿಯಾಗಿದ್ದರೆ ಆ ತುದಿ ಅಂಟಿಲ್ಲ ಎಂದೇ ಅರ್ಥ, ಕಣ್ಣಿಗೆ ಎಷ್ಟೇ ತಾಗಿದಂತೆ ಕಂಡರೂ ಸರಿ. ಚೌಕ ಸರಿಸಿದಾಗ ಹಿಂದುಳಿಯುವುದು ಇಂಥವೇ.

ಚೌಕವನ್ನು ಬಲಗಡೆಯಿಂದ ಎಡಗಡೆಗೆ ದಾಟಿಸಿದ ಮೇಲೆ ಬಾಣ ಸುತ್ತಿ ಬಳಸಿ ಬರುತ್ತಿದ್ದರೆ, ಬಾಣದ ಮೇಲೆ ಬಲ ಕ್ಲಿಕ್ ಮಾಡಿ ‘ರೀರೂಟ್ ಕನೆಕ್ಟರ್ಸ್’ ಕೊಡಿ. ಅದು ಹತ್ತಿರದ ಚುಕ್ಕೆಗಳನ್ನು ಹುಡುಕಿಕೊಳ್ಳುತ್ತದೆ. ಆದರೆ ಕವಲಿರುವ ಕಡೆ ಇದನ್ನು ಬಳಸಬೇಡಿ. ಬಾಣ ಚೌಕದ ಪಕ್ಕಕ್ಕೆ ಹೋಗಿ ಕೂತು ಮರದಾಕಾರ ಕೆಡುತ್ತದೆ. ಅಲ್ಲಿ ತುದಿಯನ್ನು ಕೈಯಿಂದಲೇ ಹಿಡಿದು ಬೇಕಾದ ಚುಕ್ಕೆಗೆ ತನ್ನಿ.

ಕವಲಿಗೆ ಒಂದೇ ಚೌಕದ ಕೆಳ ಚುಕ್ಕೆಯಿಂದ ಎರಡು ಎಲ್ಬೋ ಬಾಣ, ಒಂದು ಎಡಕ್ಕೆ, ಒಂದು ಬಲಕ್ಕೆ. ಕೆಳಗಿನ ಎರಡೂ ಚೌಕಗಳ ಮೇಲಂಚು ಒಂದೇ ಮಟ್ಟದಲ್ಲಿದ್ದರೆ ಎರಡು ಬಾಣವೂ ಒಂದೇ ಎತ್ತರದಲ್ಲಿ ಬಾಗುತ್ತವೆ, ಮೇಲಿನ ತುಂಡು ಒಂದೇ ಗೆರೆಯಾಗಿ ಕಾಣುತ್ತದೆ. ಒಂದು ಚೂರು ಮೇಲೆ ಕೆಳಗೆ ಆದರೂ ಅಲ್ಲಿ ಮೆಟ್ಟಿಲು ಬಿದ್ದಂತಾಗುತ್ತದೆ. ಹಾಗಾಗಿ ಕಣ್ಣಳತೆ ಬೇಡ. ಎರಡನ್ನೂ ಆರಿಸಿ ಅರೇಂಜ್, ಅಲೈನ್, ‘ಅಲೈನ್ ಟಾಪ್’. ಅದೇ ಪಟ್ಟಿಯ ಕೆಳಗೆ ‘ಅಲೈನ್ ಸೆಲೆಕ್ಟೆಡ್ ಆಬ್ಜೆಕ್ಟ್ಸ್’ಗೆ ಗುರುತಿರಬೇಕು. ‘ಅಲೈನ್ ಟು ಸ್ಲೈಡ್’ ಆಗಿದ್ದರೆ ಚೌಕಗಳೆಲ್ಲ ಸ್ಲೈಡಿನ ಅಂಚಿಗೆ ಹಾರುತ್ತವೆ. ಹೆಚ್ಚಿನವರು ಗಾಬರಿಯಾಗುವುದು ಇಲ್ಲೇ.

ಇನ್ನೊಂದು: ಬಾಣ ತಾನಾಗಿ ಬರುವ ದಪ್ಪ ತೀರಾ ತೆಳು, ಪ್ರೊಜೆಕ್ಟರಿನಲ್ಲಿ ಹಿಂದಿನ ಸಾಲಿಗೆ ಕಾಣುವುದೇ ಇಲ್ಲ. ಒಂದು ಬಾಣಕ್ಕೆ 2.25 ಪಾಯಿಂಟ್ ದಪ್ಪ, ಕಡು ಬಣ್ಣ ಕೊಟ್ಟು, ಬಲ ಕ್ಲಿಕ್ ಮಾಡಿ ‘ಸೆಟ್ ಆ್ಯಸ್ ಡಿಫಾಲ್ಟ್ ಲೈನ್’ ಮಾಡಿಟ್ಟರೆ ಮುಂದೆ ಎಳೆಯುವುದೆಲ್ಲ ಹಾಗೇ ಬರುತ್ತವೆ. ಚೌಕಕ್ಕೂ ಇಂಥದೇ ‘ಸೆಟ್ ಆ್ಯಸ್ ಡಿಫಾಲ್ಟ್ ಶೇಪ್’ ಇದೆ. ಈಗಾಗಲೇ ಎಳೆದವುಗಳಿಗೆ ಫಾರ್ಮ್ಯಾಟ್ ಪೇಂಟರ್ ಕುಂಚವನ್ನು ಎರಡು ಸಲ ಒತ್ತಿ, ಒಂದೊಂದನ್ನೇ ಮುಟ್ಟುತ್ತ ಹೋಗಿ. ಮುಗಿದ ಮೇಲೆ ಎಸ್ಕೇಪ್.

ಗಂಗಾವಳಿ ದಡ:
ಅಕ್ಷರದ ಬಗ್ಗೆ ನಾನು ಹೇಳುತ್ತೇನೆ. ಅರ್ಧ ಚೌಕ ಸರಿ, ಅರ್ಧ ಕೆಟ್ಟಿವೆ ಎಂದರೆ ನೀವು ಕೆಲವು ಪದಗಳನ್ನು ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಕಡತದಿಂದ ತಂದು ಅಂಟಿಸಿದ್ದೀರಿ. ಅದು ಯುನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಆ ಫಾಂಟ್ ಇದ್ದ ಯಂತ್ರದಲ್ಲಿ ಮಾತ್ರ ಕನ್ನಡದಂತೆ ಕಾಣುತ್ತದೆ. ಪರೀಕ್ಷೆ ಸುಲಭ: ಪದವನ್ನು ಆರಿಸಿ ಫಾಂಟನ್ನು ನಿರ್ಮಲಾ ಯುಐಗೆ ಬದಲಿಸಿ. ಕನ್ನಡವಾಗಿಯೇ ಉಳಿದರೆ ಯುನಿಕೋಡ್, ಇಂಗ್ಲಿಷ್ ಆದರೆ ಹಳೆಯದು. ಹಳೆಯದನ್ನು ಪರಿವರ್ತಕಕ್ಕೆ ಹಾಕಿ ಬದಲಿಸಬಹುದು. 17 ಪದಗಳಾದರೆ ಮತ್ತೆ ಟೈಪ್ ಮಾಡುವುದೇ ಬೇಗ, ಪರಿವರ್ತಕದಲ್ಲಿ ಅರ್ಕಾವತ್ತು ಆಗಾಗ ತಪ್ಪುತ್ತದೆ.

ಯುನಿಕೋಡ್ ಆದ ಮೇಲೂ ಫಾಂಟ್ ಬದಲಿಸಿದಾಗ ಕನ್ನಡ ಬದಲಾಗದೇ ಇಂಗ್ಲಿಷ್, ಅಂಕಿ ಮಾತ್ರ ಬದಲಾಗುವುದುಂಟು. ಪವರ್‌ಪಾಯಿಂಟ್ ಕನ್ನಡಕ್ಕೆ ಬೇರೆ ಫಾಂಟ್ ನೆನಪಿಟ್ಟುಕೊಳ್ಳುತ್ತದೆ. ಫೈಲ್, ಆಪ್ಷನ್ಸ್, ಲ್ಯಾಂಗ್ವೇಜ್‌ನಲ್ಲಿ ಕನ್ನಡ ಸೇರಿಸಿ ಪವರ್‌ಪಾಯಿಂಟ್ ಮುಚ್ಚಿ ತೆರೆಯಿರಿ. ಪದ ಆರಿಸಿ ಕಂಟ್ರೋಲ್ ಟಿ ಒತ್ತಿದರೆ ಬರುವ ಪೆಟ್ಟಿಗೆಯಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ಗೆ ಬೇರೆ ಖಾನೆ ಕಾಣುತ್ತದೆ, ಫಾಂಟನ್ನು ಅಲ್ಲಿ ಕೊಡಿ. ನಿರ್ಮಲಾ ಯುಐ ವಿಂಡೋಸ್ 8ರಿಂದ ಈಚೆಗೆ ಜೊತೆಗೇ ಬರುತ್ತದೆ, ಬೇರೆಯವರ ಯಂತ್ರದಲ್ಲಿ ತೋರಿಸುವವರಿಗೆ ಅದೇ ಕ್ಷೇಮ. ನೋಟೊ ಸಾನ್ಸ್ ಕನ್ನಡ ಬೇಕೇ ಬೇಕೆಂದರೆ ಫೈಲ್, ಆಪ್ಷನ್ಸ್, ಸೇವ್‌ನಲ್ಲಿ ‘ಎಂಬೆಡ್ ಫಾಂಟ್ಸ್ ಇನ್ ದ ಫೈಲ್’ಗೆ ಗುರುತು ಹಾಕಿ.

ಒತ್ತಕ್ಷರದ ಕಷ್ಟ ಬೇರೆ. ತಟ್ಟಿಬೆಟ್ಟೆ, ಕೊಯ್ಲು ಇಂಥ ಪದಗಳಿಗೆ ಕೆಳಗೂ ಜಾಗ ಬೇಕು. ಸಾಲಿನ ಅಂತರ ‘ಎಕ್ಸಾಕ್ಟ್ಲಿ’ ಎಂದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೊಡೆಯುತ್ತದೆ. ‘ಮಲ್ಟಿಪಲ್’ 1.1 ಕೊಡಿ. ಚೌಕದೊಳಗೆ ‘ಡು ನಾಟ್ ಆಟೋಫಿಟ್’ ಇರಲಿ. ‘ರೀಸೈಜ್ ಶೇಪ್ ಟು ಫಿಟ್ ಟೆಕ್ಸ್ಟ್’ ಇದ್ದರೆ ಪದ ಉದ್ದವಾದ ಚೌಕ ಮಾತ್ರ ಬೆಳೆದು ನೀವು ಕೂರಿಸಿದ ಸಾಲೆಲ್ಲ ಕೆಡುತ್ತದೆ.

ಹುಲೇಕಲ್ ದಾರಿ:
ಇಬ್ಬರಿಗೂ ಧನ್ಯವಾದ. ಹಸಿರು ಚುಕ್ಕೆ ಬಂತು, ಬಾಣ ಈಗ ಜೊತೆಗೇ ಬರುತ್ತದೆ. ಕೆಟ್ಟ ಪದಗಳು ಹಳೆಯ ನುಡಿಯವೇ. ಆದರೆ 17 ಚೌಕ ಹಿಡಿಸಲು ಅಕ್ಷರ 12 ಪಾಯಿಂಟಿಗೆ ಇಳಿಸಬೇಕಾಗಿದೆ. ದೊಡ್ಡ ಸಭಾಂಗಣ, ಹಿರಿಯರೇ ಹೆಚ್ಚು.

ಯಾಣದ ಕಲ್ಲು:
12 ಆಗುವುದಿಲ್ಲ ಮಾರಾಯ್ರೇ, 20ಕ್ಕಿಂತ ಕೆಳಗೆ ಇಳಿಸಲೇಬೇಡಿ. ಇಳಿಸಬೇಕಾದ್ದು ಚೌಕಗಳ ಸಂಖ್ಯೆ. ವಿಂಗಡಣೆ ಮತ್ತು ಅದರ ಆರು ಹೆಸರು ಹರಿವಲ್ಲ, ಪಟ್ಟಿ. ಅವುಗಳನ್ನು ಎರಡನೇ ಸ್ಲೈಡಿನಲ್ಲಿ ಕೋಷ್ಟಕ ಮಾಡಿ, 2019ರ ಸಾಲನ್ನೂ ಅದರ ಕೆಳಗೆ ಹಾಕಿ. ನಕ್ಷೆಯಲ್ಲಿ ಹತ್ತೇ ಚೌಕ ಉಳಿಯುತ್ತವೆ.

ಈಗ ಅಳತೆ. ಅಗಲ ಸ್ಲೈಡ್ 33.87 ಸೆಂ.ಮೀ. ಅಗಲ, 19.05 ಸೆಂ.ಮೀ. ಎತ್ತರ. ಶೀರ್ಷಿಕೆಗೆ ಮೇಲೆ 3 ಸೆಂ.ಮೀ., ಕೆಳಗೆ 1 ಸೆಂ.ಮೀ. ಬಿಟ್ಟರೆ 15 ಸೆಂ.ಮೀ. ಸಿಗುತ್ತದೆ. 1.6 ಸೆಂ.ಮೀ. ಎತ್ತರದ ಚೌಕ, ನಡುವೆ 0.9 ಸೆಂ.ಮೀ. ಸಂದು: ಆರು ಸಾಲಿಗೆ 14.1 ಸೆಂ.ಮೀ. 20 ಪಾಯಿಂಟಿನ ಒಂದು ಸಾಲು ಕನ್ನಡ ಒತ್ತಿನ ಸಮೇತ ಇದರಲ್ಲಿ ಆರಾಮವಾಗಿ ಕೂರುತ್ತದೆ, ಎರಡು ಸಾಲು ಕೂರುವುದಿಲ್ಲ. ಆದ್ದರಿಂದ ಚೌಕಕ್ಕೆ ಒಂದೇ ಸಾಲು.

ಮೇಲೆ ನಡುವಿನಲ್ಲಿ ‘ಕೊನೆ ಕೊಯ್ಲು’. ಎಡಗಡೆ ‘ಹಸಿ ಕಾಯಿ’, ‘ಸುಲಿಯುವುದು’, ‘ಬೇಯಿಸುವುದು’, ‘ಒಣಗಿಸುವುದು’, ‘ಕೆಂಪಡಿಕೆ’. ಬಲಗಡೆ ‘ಹಣ್ಣಡಿಕೆ’, ‘ಒಣಗಿಸುವುದು’, ‘ಸುಲಿಯುವುದು’, ‘ಚಾಲಿ’. ಎಡಕ್ಕೆ ಐದು, ಬಲಕ್ಕೆ ನಾಲ್ಕು ಎಂದು ಬಲಗಡೆಯ ಸಂದನ್ನು ಹಿಗ್ಗಿಸಬೇಡಿ. ಚಾಲಿಗೆ ಅಂಗಳದಲ್ಲಿ ಸುಮಾರು 40 ದಿನ ಬಿಸಿಲು ಬೇಕು. ಆ ‘ಒಣಗಿಸುವುದು’ ಚೌಕವನ್ನೇ ಎರಡು ಸಾಲಿನಷ್ಟು ಎತ್ತರ, ಅಂದರೆ 4.1 ಸೆಂ.ಮೀ. ಮಾಡಿ, ‘40 ದಿನ’ ಎಂದು ಒಳಗೇ ಬರೆಯಿರಿ. ಜಾಗವೂ ತುಂಬಿತು, ಕಾಲವೂ ಕಣ್ಣಿಗೆ ಕಂಡಿತು. ಎತ್ತರವನ್ನು ಎಳೆದು ಮಾಡದೆ ಶೇಪ್ ಫಾರ್ಮ್ಯಾಟ್‌ನ ಸೈಜ್ ಖಾನೆಯಲ್ಲಿ ಟೈಪ್ ಮಾಡಿ.

ನಿಮ್ಮ ನಕ್ಷೆಯ ತಿರುಳು ಇರುವುದು ಇಲ್ಲೇ ಎಂದು ನನಗನಿಸುತ್ತದೆ: ಒಂದು ದಾರಿಯಲ್ಲಿ ಸುಲಿದು ಬೇಯಿಸಿ ಒಣಗಿಸುತ್ತೇವೆ, ಇನ್ನೊಂದರಲ್ಲಿ ಒಣಗಿಸಿ ಸುಲಿಯುತ್ತೇವೆ. ಅದು ಎದ್ದು ಕಾಣಬೇಕೆಂದರೆ ಬಣ್ಣವನ್ನು ದಾರಿಗೆ ಕೊಡಬೇಡಿ, ಕೆಲಸಕ್ಕೆ ಕೊಡಿ. ಎರಡೂ ಕಡೆಯ ‘ಸುಲಿಯುವುದು’ ಒಂದೇ ನೀಲಿ, ಎರಡೂ ‘ಒಣಗಿಸುವುದು’ ಒಂದೇ ಹಳದಿ. ಕೊನೆಯ ಎರಡು ಚೌಕ ಮಾತ್ರ ಇಟ್ಟಿಗೆ ಕೆಂಪು ಮತ್ತು ಬಿಳಿ. ಬಿಳಿ ಚೌಕಕ್ಕೆ ಕಡು ಕಂದು ಅಂಚು ಬೇಕು, ಇಲ್ಲದಿದ್ದರೆ ಹಿನ್ನೆಲೆಯಲ್ಲಿ ಕರಗುತ್ತದೆ. ಮುಗಿದ ಮೇಲೆ ವ್ಯೂ, ‘ಗ್ರೇಸ್ಕೇಲ್’ ಒತ್ತಿ ನೋಡಿ. ನೀಲಿ, ಹಳದಿ ಎರಡೂ ಒಂದೇ ಬೂದಿಯಾಗಿ ಕಂಡರೆ ಒಂದನ್ನು ಗಾಢ ಮಾಡಿ, ಕಪ್ಪು ಬಿಳುಪಿನಲ್ಲಿ ಮುದ್ರಿಸಿ ಹಂಚುವವರಿಗೂ ಆಗಬೇಕಲ್ಲ.

ಸದಾಶಿವಗಡ:
ಹತ್ತು ಚೌಕದ ಸಲಹೆ ಸರಿ. ಒಂದು ಸೇರಿಸುತ್ತೇನೆ: ದೊಡ್ಡ ಚೌಕ ಮಾಡುವ ಮೊದಲು ಎಡ ಕಂಬವನ್ನು ‘ಡಿಸ್ಟ್ರಿಬ್ಯೂಟ್ ವರ್ಟಿಕಲಿ’ ಮಾಡಿ ಮುಗಿಸಿ, ಬಲಗಡೆಯದನ್ನು ಸಾಲು ಸಾಲಾಗಿ ಎಡ ಕಂಬದ ಮಟ್ಟಕ್ಕೆ ಹೊಂದಿಸಿ.

ಹುಲೇಕಲ್ ದಾರಿ:
ಹೊಂದಿತು. ಕಡತವನ್ನು ಸಭೆಯವರಿಗೆ ಮೊದಲೇ ಕಳಿಸಬೇಕು. ನಕ್ಷೆಯ ಚಿತ್ರ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಮಸುಕಾಗುತ್ತದೆ.

ಗಂಗಾವಳಿ ದಡ:
ಚಿತ್ರವಾಗಿ ಕಳಿಸಿದರೆ ವಾಟ್ಸ್ಆ್ಯಪ್ ಕುಗ್ಗಿಸುತ್ತದೆ. ಫೈಲ್, ಎಕ್ಸ್‌ಪೋರ್ಟ್‌ನಲ್ಲಿ ಪಿಡಿಎಫ್ ಮಾಡಿ, ‘ಡಾಕ್ಯುಮೆಂಟ್’ ಆಗಿ ಕಳಿಸಿ. ಗೆರೆಗಳು ಗೆರೆಗಳಾಗಿಯೇ ಉಳಿಯುತ್ತವೆ, ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಸಭಾಂಗಣಕ್ಕೂ ಆ ಪಿಡಿಎಫನ್ನು ಪೆನ್‌ಡ್ರೈವಿನಲ್ಲಿ ಜೊತೆಗೆ ಒಯ್ಯಿರಿ. ಅಲ್ಲಿ ಪವರ್‌ಪಾಯಿಂಟ್ ಬದಲು ಲಿಬ್ರೆ ಆಫೀಸ್ ಇದ್ದರೆ ಎಲ್ಬೋ ಬಾಣಗಳು ಬೇರೆ ಎತ್ತರದಲ್ಲಿ ಬಾಗಬಹುದು, ಪಿಡಿಎಫ್‌ನಲ್ಲಿ ಆ ಭಯವಿಲ್ಲ.