ಸಹಾಯ ಬೇಕು: ಆರ್‌ಎನ್‌ಎ ಬೇಸ್ ಜೋಡಿಗಳ ಒಳ್ಳೆಯ ಡೇಟಾಬೇಸ್ ಯಾವುದು?

ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ಮೊದಲ ವರ್ಷದಲ್ಲಿದ್ದೇನೆ. ಆರ್‌ಎನ್‌ಎಯಲ್ಲಿ ಎ-ಯು, ಜಿ-ಸಿ, ಜಿ-ಯು ಬಿಟ್ಟು ಉಳಿದ ಬೇಸ್ ಜೋಡಿಗಳ ಪಟ್ಟಿ ಬೇಕಾಗಿದೆ. ಲಿಯಾಂಟಿಸ್-ವೆಸ್ಟ್‌ಹಾಫ್ ಪದ್ಧತಿಯ (ಬೇಸುಗಳು ಯಾವ ಅಂಚಿನಿಂದ, ಯಾವ ದಿಕ್ಕಿನಲ್ಲಿ ಜೋಡಿಯಾಗಿವೆ ಅಂತ ನೋಡಿ ಮಾಡುವ ವಿಂಗಡಣೆ) 12 ಗುಂಪುಗಳಾಗಿ ವಿಂಗಡಿಸಿದ್ದರೆ ತುಂಬಾ ಒಳ್ಳೆಯದು.

ಮೊದಲು ಆರ್‌ಎನ್‌ಎ ಕುಟುಂಬಗಳ ಡೇಟಾಬೇಸ್ ಆದ ಆರ್‌ಫ್ಯಾಮ್ ನೋಡಿದೆ. ಅಲ್ಲಿ ಒಂದೊಂದು ಕುಟುಂಬಕ್ಕೂ ಸೆಕೆಂಡರಿ ರಚನೆ ಸಿಗುತ್ತದೆ, ಸರಿ. ಆದರೆ ಚುಕ್ಕೆ, ಕಂಸಗಳಿಂದ ಯಾರಿಗೆ ಯಾರು ಜೋಡಿ ಅಂತಷ್ಟೇ ಗೊತ್ತಾಗುತ್ತದೆ. ಬೇಸಿನ ಮೂರು ಅಂಚುಗಳಲ್ಲಿ ಯಾವುದರಿಂದ ಕೈ ಹಿಡಿದಿದ್ದಾರೆ, ವಾಟ್ಸನ್-ಕ್ರಿಕ್ ಅಂಚಾ, ಹೂಗ್‌ಸ್ಟೀನಾ, ಶುಗರಾ? ಅದೇ ತಾನೇ ನನಗೆ ಬೇಕಿರುವುದು!

ಸರಿ, ಅಣುಗಳ 3ಡಿ ರಚನೆಗಳ ಸಂಗ್ರಹವಾದ ಪಿಡಿಬಿಯಿಂದ ನಾನೇ ತೆಗೆಯೋಣ ಅಂತ ಹೊರಟೆ. ಯೀಸ್ಟಿನ ಫಿನೈಲ್‌ಅಲನೀನ್ ಟಿಆರ್‌ಎನ್‌ಎ, ಫೈಲ್ 1ಇಎಚ್‌ಜೆಡ್, ಬರೀ 76 ನ್ಯೂಕ್ಲಿಯೊಟೈಡ್. ಪುಸ್ತಕದಲ್ಲಿರುವ 54 ಮತ್ತು 58ನೇ ಬೇಸುಗಳ ಜೋಡಿ ನನ್ನ ಪೈಥಾನ್ ಸ್ಕ್ರಿಪ್ಟಿಗೆ ಸಿಗಲೇ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಅವೆರಡೂ ಮೀಥೈಲ್ ಸೇರಿದ ಬೇಸುಗಳು. ಫೈಲಿನಲ್ಲಿ 'ಹೆಟ್‌ಆಟಮ್' (ಮಾಮೂಲಿಯಲ್ಲದ ಘಟಕಗಳ ಪರಮಾಣುಗಳು) ಸಾಲುಗಳಲ್ಲಿ ಕೂತಿದ್ದವು, ನಾನು 'ಆಟಮ್' ಸಾಲುಗಳನ್ನಷ್ಟೇ ಓದಿಸಿದ್ದೆ. ನಗಬೇಡಿ.

ಈಗ ಪ್ರಶ್ನೆ. ಮಾರ್ಪಾಡಾದ ಬೇಸುಗಳನ್ನು ಕೈಬಿಡದೆ, ಜೋಡಿಗಳನ್ನು ಟೇಬಲ್ ರೂಪದಲ್ಲಿ ಡೌನ್‌ಲೋಡ್ ಮಾಡಲು ಬಿಡುವ ಡೇಟಾಬೇಸ್ ಯಾರಾದರೂ ಬಳಸಿದ್ದೀರಾ? ಅಥವಾ 3ಡಿ ರಚನೆಯಿಂದ ಜೋಡಿಗಳನ್ನು ಹುಡುಕುವ ಡಿಎಸ್‌ಎಸ್‌ಆರ್, ಎಫ್‌ಆರ್‌3ಡಿ ತರಹದ ಪ್ರೋಗ್ರಾಂ ಓಡಿಸುವುದೇ ವಾಸಿಯಾ? ಒಂದೇ ರೈಬೋಸೋಮಿನ ರಚನೆ ಹತ್ತಾರು ಸಲ ಎಣಿಕೆಗೆ ಬರುವುದನ್ನು ಹೇಗೆ ತಪ್ಪಿಸುತ್ತೀರಿ? ರಚನೆಗಳ ರೆಸಲ್ಯೂಶನ್ (ಸಂಖ್ಯೆ ಚಿಕ್ಕದಾದಷ್ಟು ಸ್ಪಷ್ಟ) 3 ಆಂಗ್‌ಸ್ಟ್ರಾಮ್‌ವರೆಗೆ ಇಟ್ಟುಕೊಂಡಿದ್ದೇನೆ, ಜಾಸ್ತಿ ಆಯ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ.