ಅಪ್ಪ ಅಮ್ಮ ಮೊದಲ ಸಲ ವಿಮಾನ ಹತ್ತುತ್ತಿದ್ದಾರೆ: ಸೆಕ್ಯೂರಿಟಿ ಚೆಕ್‌ನಲ್ಲಿ ತೊಂದರೆಯಾಗದಂತೆ ಬ್ಯಾಗ್ ಕಟ್ಟುವುದು ಹೇಗೆ?

ಪ್ರಶ್ನೆ

ಬೆಂಗಳೂರಿನಿಂದ ದುಬೈಗೆ, ತಂಗಿಯ ಮನೆಗೆ. ನೇರ ವಿಮಾನ. ಇಬ್ಬರಿಗೂ ಅರವತ್ತೈದು ದಾಟಿದೆ. ಅಪ್ಪನಿಗೆ ಪೇಸ್‌ಮೇಕರ್ ಇದೆ, ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಒಳಗೆ ಲೋಹದ ಕೀಲು ಇದೆ. ಕೊಂಡೊಯ್ಯಬೇಕೆಂದು ತೆಗೆದಿಟ್ಟಿರುವುದು: ತಿಪಟೂರು ಕೊಬ್ಬರಿ 2 ಕೆ.ಜಿ., ಮಾವಿನಕಾಯಿ ಉಪ್ಪಿನಕಾಯಿ, ತುಪ್ಪ, ಸಾರಿನ ಪುಡಿ, ಜೋನಿಬೆಲ್ಲ, ಹೋಳಿಗೆ, ಗಸಗಸೆ, ಕರ್ಪೂರ, ಒಂದು ಪವರ್ ಬ್ಯಾಂಕ್. ಯಾವುದು ಕೈಚೀಲಕ್ಕೆ, ಯಾವುದು ದೊಡ್ಡ ಬ್ಯಾಗಿಗೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ಮೊದಲು ಕೊಬ್ಬರಿ ತೆಗೆದುಬಿಡಿ. ಅದನ್ನು ಕೈಚೀಲದಲ್ಲೂ ಬಿಡುವುದಿಲ್ಲ, ಚೆಕ್‌ಇನ್ ಬ್ಯಾಗಿನಲ್ಲೂ ಬಿಡುವುದಿಲ್ಲ. ಒಣಗಿದ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ಒತ್ತೊತ್ತಾಗಿ ತುಂಬಿಟ್ಟರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ವಿಮಾನಯಾನದ ನಿಯಮಗಳಲ್ಲಿ ಅದನ್ನು ಅಪಾಯಕಾರಿ ಸರಕುಗಳ ಪಟ್ಟಿಗೆ ಸೇರಿಸಿದ್ದಾರೆ. ಕರ್ಪೂರ, ಬೆಂಕಿಪೊಟ್ಟಣ, ಲೈಟರ್ ಕೂಡ ಎರಡರಲ್ಲೂ ಬೇಡ. ದೊಡ್ಡ ಬ್ಯಾಗಿನಲ್ಲಿ ಇಂಥದ್ದು ಎಕ್ಸ್‌ರೇಗೆ ಸಿಕ್ಕರೆ ಪ್ರಯಾಣಿಕರನ್ನು ಹೆಸರು ಹಿಡಿದು ಕರೆಸಿ, ಬ್ಯಾಗ್ ತೆಗೆಸಿ, ಹೊರಗಿಡಿಸುತ್ತಾರೆ. ಮೊದಲ ಸಲ ಹೋಗುವ ಹಿರಿಯರಿಗೆ ಅಷ್ಟೇ ಸಾಕು, ಗಾಬರಿಯಾಗಲು.

ಉಪ್ಪಿನಕಾಯಿ, ತುಪ್ಪ, ಜೋನಿಬೆಲ್ಲ ಮೂರೂ ದೊಡ್ಡ ಬ್ಯಾಗಿಗೆ. ತುಪ್ಪ ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೂ ಅಲ್ಲಿ ದ್ರವದ ಲೆಕ್ಕವೇ. ಅಂತರರಾಷ್ಟ್ರೀಯ ವಿಮಾನದ ಕೈಚೀಲದಲ್ಲಿ ದ್ರವ, ಪೇಸ್ಟ್, ಜೆಲ್ ಯಾವುದೇ ಇರಲಿ, ಒಂದೊಂದು ಡಬ್ಬಿಯೂ 100 ಮಿ.ಲೀ. ಮೀರಬಾರದು, ಎಲ್ಲ ಸೇರಿ 1 ಲೀಟರಿನ ಒಂದು ಪಾರದರ್ಶಕ ಜಿಪ್ ಕವರಿನೊಳಗೆ ಹಿಡಿಸಬೇಕು. ನೋಡುವುದು ಡಬ್ಬಿಯ ಅಳತೆಯನ್ನು, ಒಳಗೆ ಎಷ್ಟಿದೆ ಎಂಬುದನ್ನಲ್ಲ. 200 ಮಿ.ಲೀ. ಬಾಟಲಿಯ ತಳದಲ್ಲಿ ಒಂದಿಷ್ಟು ತಲೆಗೆಣ್ಣೆ ಉಳಿದಿದ್ದರೂ ಅದು ಹೋದಂತೆಯೇ.

ಉಪ್ಪಿನಕಾಯಿ ಸೋರುವುದು ಮುಚ್ಚಳದಲ್ಲಿ. ಗಾಜಿನ ಬಾಟಲಿ ಬಿಟ್ಟು ದಪ್ಪ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ, ಕಂಠದ ತನಕ ತುಂಬಬೇಡಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಮುಚ್ಚಳ ತಿರುಗಿಸಿ, ಸುತ್ತ ಟೇಪ್ ಹಚ್ಚಿ, ಒಂದರೊಳಗೊಂದು ಎರಡು ಜಿಪ್ ಕವರಿಗೆ ಹಾಕಿ, ಬಟ್ಟೆಗಳ ನಡುವೆ ನಿಲ್ಲಿಸಿ. ತುಪ್ಪಕ್ಕೂ ಹೀಗೇ. ದುಬೈ ಬಿಸಿಲಿಗೆ ಅದು ಕರಗಿಯೇ ಕರಗುತ್ತದೆ.

ಸಾರಿನ ಪುಡಿಯೂ ದೊಡ್ಡ ಬ್ಯಾಗಿಗೇ ಇರಲಿ, ಖಾರದ ಪುಡಿಯನ್ನು ಕೈಚೀಲದಲ್ಲಿ ಕಂಡರೆ ತಡೆಯುತ್ತಾರೆ. ಹೋಳಿಗೆ ಕೈಯಲ್ಲೇ ಹೋಗಲಿ.

ಉತ್ತರ 2

ಪವರ್ ಬ್ಯಾಂಕ್ ಮಾತ್ರ ಇದಕ್ಕೆ ಉಲ್ಟಾ: ಕೈಚೀಲದಲ್ಲೇ ಇರಬೇಕು. ದೊಡ್ಡ ಬ್ಯಾಗಿನ ಜೊತೆ ಅದು ಕೆಳಗಿನ ಸರಕಿನ ಜಾಗಕ್ಕೆ ಹೋಗಿ, ಅಲ್ಲಿ ಬ್ಯಾಟರಿ ಹೊತ್ತಿಕೊಂಡರೆ ಯಾರೂ ಕೈ ಹಾಕಲಾಗದು. ಮಿತಿ 100 ವ್ಯಾಟ್-ಅವರ್. ಲೆಕ್ಕ ಸುಲಭ: ಪವರ್ ಬ್ಯಾಂಕಿನ ಮೇಲೆ ಬರೆದಿರುವ ಎಂಎಎಚ್ (mAh) ಅಂಕಿಯನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್, ತೊಂದರೆಯಿಲ್ಲ. ಅಂಕಿ ಅಳಿಸಿಹೋಗಿದ್ದರೆ ಅಂಥದ್ದನ್ನು ಒಯ್ಯಬೇಡಿ, ತೋರಿಸಲು ಆಧಾರವೇ ಇರುವುದಿಲ್ಲ. ಈಗ ಕೆಲವು ಕಂಪನಿಗಳು ಒಬ್ಬರಿಗೆ ಒಂದೇ ಬಿಡುತ್ತವೆ.

ಇನ್ನು ಟ್ರೇ. ಫೋನು, ಪವರ್ ಬ್ಯಾಂಕ್, ಚಾರ್ಜರ್, ಲ್ಯಾಪ್‌ಟಾಪ್ ಇದ್ದರೆ ಅದು, ಬೆಲ್ಟು, ಇವು ಬೇರೆಯಾಗಿ ಟ್ರೇಯಲ್ಲಿ. ವೈರುಗಳೂ ಬ್ಯಾಟರಿಗಳೂ ಒಂದರ ಮೇಲೊಂದು ಬಿದ್ದರೆ ಎಕ್ಸ್‌ರೇ ಪರದೆಯ ಮೇಲೆ ಏನೆಂದು ತಿಳಿಯದು, ಆಗ ಬ್ಯಾಗನ್ನು ಪಕ್ಕಕ್ಕೆ ಎಳೆಯುತ್ತಾರೆ. ಹಿತ್ತಾಳೆ ದೀಪ, ಬೆಳ್ಳಿ ಚೊಂಬು ಕಪ್ಪಗೆ ಕಾಣುತ್ತವೆ. ಮೈಸೂರು ಪಾಕಿನಂಥ ಗಟ್ಟಿ ತಿಂಡಿ ಕಿತ್ತಳೆ ಬಣ್ಣದ ಇಟ್ಟಿಗೆ ಹಾಗೆ ಕಾಣುತ್ತದೆ, ಯಾಕೆಂದರೆ ಸಾವಯವ ವಸ್ತುವಿಗೆಲ್ಲ ಆ ಯಂತ್ರ ಕೊಡುವ ಬಣ್ಣ ಅದೇ, ಸ್ಫೋಟಕಕ್ಕೂ. ಹಾಗಾಗಿ ಹೋಳಿಗೆ ಕಟ್ಟು ಕೈಚೀಲದ ಮೇಲ್ಭಾಗದಲ್ಲಿರಲಿ, ಬಿಚ್ಚಿ ತೋರಿಸಲು ಅರೆ ನಿಮಿಷ ಸಾಕು.

ಪರ್ಸು, ವಾಚು, ಚಿಲ್ಲರೆಯನ್ನು ಟ್ರೇಯಲ್ಲಿ ಬಿಡಿಬಿಡಿಯಾಗಿ ಇಡಬೇಡಿ. ಸಾಲಿನಲ್ಲಿ ನಿಂತಿರುವಾಗಲೇ ಕೈಚೀಲದ ಒಳಜಿಪ್ಪಿಗೆ ಸೇರಿಸಿಬಿಡಿ. ಬೋರ್ಡಿಂಗ್ ಪಾಸು ಕೈಯಲ್ಲೇ ಇರಲಿ.

ಉತ್ತರ 3

ಪೇಸ್‌ಮೇಕರ್ ವಿಷಯ ಎಲ್ಲಕ್ಕಿಂತ ಮುಖ್ಯ. ಆಸ್ಪತ್ರೆ ಕೊಟ್ಟ ಸಾಧನದ ಕಾರ್ಡು ಅಪ್ಪನ ಅಂಗಿಯ ಜೇಬಿನಲ್ಲಿರಲಿ. ಲೋಹ ಪತ್ತೆ ಮಾಡುವ ಬಾಗಿಲಿನಂಥ ಚೌಕಟ್ಟಿನ ಹತ್ತಿರ ಹೋಗುವ ಮೊದಲೇ ಅದನ್ನು ತೋರಿಸಿ, ಕೈಯಿಂದ ತಪಾಸಣೆ ಮಾಡಲು ಕೇಳಬೇಕು. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರನ್ನು ಎದೆಯ ಮೇಲೆ ಹಿಡಿದು ನಿಲ್ಲಿಸಬಾರದು. ಅಲ್ಲಿ ತಪಾಸಣೆ ಮಾಡುವ ಸಿಐಎಸ್‌ಎಫ್ (ಕೇಂದ್ರದ ಭದ್ರತಾ ಪಡೆ) ಸಿಬ್ಬಂದಿ ಬೇರೆ ಬೇರೆ ರಾಜ್ಯದವರು, ಕನ್ನಡ ಬರದೆ ಇರಬಹುದು. ಆದ್ದರಿಂದ ಒಂದು ಚೀಟಿಯಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ‘ನನಗೆ ಪೇಸ್‌ಮೇಕರ್ ಇದೆ’ ಎಂದು ದಪ್ಪಕ್ಷರದಲ್ಲಿ ಬರೆದುಕೊಡಿ. ಅಪ್ಪನವರ ಸೊಂಟದಲ್ಲಿ ಬೆಳ್ಳಿ ಉಡಿದಾರ ಇದ್ದರೆ ಅದೂ ಸದ್ದು ಮಾಡುತ್ತದೆ, ಹೇಳಿದರಾಯಿತು.

ಅಮ್ಮನ ಮಂಡಿಗೆ ಯಂತ್ರ ಕೂಗುವುದು ಸಹಜ. ವೈದ್ಯರ ಪತ್ರ ಜೊತೆಗಿರಲಿ. ಹೆಂಗಸರನ್ನು ಪರದೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ತಪಾಸಿಸುತ್ತಾರೆ. ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಕೇಳಿಡಿ. ಟರ್ಮಿನಲ್ 2ರಲ್ಲಿ ನಡೆಯುವ ದೂರ ಕಡಿಮೆಯೇನಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಒಂದು ಅನುಮಾನ: ಶಬರಿಮಲೆಗೆ ಹೋಗುವವರು ಇರುಮುಡಿಯಲ್ಲಿ ತೆಂಗಿನಕಾಯಿ ಒಯ್ಯುತ್ತಾರಲ್ಲ? ಹಾಗಾದರೆ ಕೊಬ್ಬರಿಗೆ ಯಾಕೆ ತಡೆ? ಗಸಗಸೆ ಬಗ್ಗೆಯೂ ಯಾರೂ ಹೇಳಲಿಲ್ಲ.

ಉತ್ತರ 1

ಅದು ಆ ಯಾತ್ರೆಗೆಂದೇ ಕೊಟ್ಟ ವಿನಾಯಿತಿ. 2024ರ ಅಕ್ಟೋಬರಿನಲ್ಲಿ ಕೊಟ್ಟದ್ದು 2025ರ ಜನವರಿ 20ರ ತನಕ ಮಾತ್ರ ಇತ್ತು. ಆಗಲೂ ಎಕ್ಸ್‌ರೇ, ಸ್ಫೋಟಕ ಪತ್ತೆ ಪರೀಕ್ಷೆ, ಕೈ ತಪಾಸಣೆ ಮೂರೂ ಆದ ಮೇಲೆಯೇ ಒಳಗೆ ಬಿಟ್ಟದ್ದು. ಕೊಬ್ಬರಿ ಬೇರೆಯೇ ಮಾತು.

ಗಸಗಸೆಯನ್ನು ಖಂಡಿತ ಕಳಿಸಬೇಡಿ, ಒಂದು ಚಮಚವೂ ಬೇಡ. ಬೆಂಗಳೂರಿನಲ್ಲಿ ಯಾರೂ ತಡೆಯದೆ ಹೋಗಬಹುದು, ಆದರೆ ಯುಎಇಯಲ್ಲಿ ಅದು ನಿಷಿದ್ಧ, ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ. ಸಾರಿನ ಪುಡಿಗೆ ಗಸಗಸೆ ಹುರಿದು ಹಾಕುವ ಮನೆಯಾದರೆ ಈ ಸಲ ಅದನ್ನು ಬಿಟ್ಟು ಪುಡಿ ಮಾಡಿಸಿ. ಮಾತ್ರೆಗಳಲ್ಲಿ ಟ್ರಮಡಾಲ್, ಕೊಡೀನ್ ಎಂಬ ನೋವಿನ ಔಷಧಿಗಳಿದ್ದರೆ ಅಲ್ಲಿನ ಆರೋಗ್ಯ ಸಚಿವಾಲಯದ ಅನುಮತಿಯನ್ನು ಮುಂಚೆಯೇ ಪಡೆಯಬೇಕು. ಮಂಡಿ ನೋವಿಗೆ ಅಮ್ಮನಿಗೆ ಬರೆದುಕೊಟ್ಟ ಚೀಟಿಯನ್ನು ಇವತ್ತೇ ತೆಗೆದು ನೋಡಿ.